ಹೊಸ ವಿಂಡೋಸ್, ಬಚ್ಚಿಟ್ಟ ನಾಟಕ

ಡಿಸೆಂಬರ್ 3, ಬುಧವಾರ. ಬೆಳಿಗ್ಗೆ 7

ಚಹಾ ಆಯಿತು. ಎದುರು ಮನೆಯ ಮಗ್ಗ ಶುರುವಾಯಿತು. ಕಂಪ್ಯೂಟರ್ ಹಚ್ಚಿದೆ. ನಾಲ್ಕನೆಯ ಅಂಕ, ಕೊನೆಯ ದೃಶ್ಯ. ನಿನ್ನೆ ಅಣ್ಣನನ್ನು ಬಾಗಿಲ ಬಳಿ ನಿಲ್ಲಿಸಿ ಎದ್ದಿದ್ದೆ... ಪಾಪ, ಅಲ್ಲೇ ನಿಂತಿದ್ದಾನೆ.

ಅಷ್ಟರಲ್ಲಿ ಪರದೆ ಪೂರ್ತಿ ನೀಲಿ. ನಿಮ್ಮ ವಿಂಡೋಸ್ ಹತ್ತಕ್ಕೆ ಇನ್ನು ಬೆಂಬಲವಿಲ್ಲವಂತೆ. ಹನ್ನೊಂದಕ್ಕೆ ಏರಬೇಕಂತೆ. ಎಲೈ ಯಂತ್ರವೇ! ನಿನ್ನನ್ನು ಮನೆಗೆ ತಂದ ದಿನ ಊದಿನಕಡ್ಡಿ ಹಚ್ಚಿ ಬರಮಾಡಿಕೊಂಡೆ. ವಾರಕ್ಕೊಮ್ಮೆ ನನ್ನ ಕೈಯಾರೆ ಧೂಳು ಒರೆಸಿದೆ. ಯುದ್ಧದ ಮಧ್ಯದಲ್ಲಿ ಸೇನಾಪತಿಯ ಕೈ ಬಿಡುತ್ತೀಯಾ?

ಜನವರಿ 10ಕ್ಕೆ ಹಿರೇಹಂದಿಗೋಳದಲ್ಲಿ ಆಟ. ‘ಹೊಸ್ತಿಲು ಒದ್ದ ತಮ್ಮ’. ನನ್ನ ಹತ್ತೊಂಬತ್ತನೆಯ ನಾಟಕ. ಹಿಂದಿನವೆಲ್ಲ ನೋಟ್‌ಬುಕ್ಕಿನಲ್ಲಿ, ಟ್ರಂಕಿನಲ್ಲಿ. ಇದೊಂದನ್ನೇ ನೇರ ಕಂಪ್ಯೂಟರಿನಲ್ಲಿ ಬರೆದದ್ದು. ಮಗಳು ಅಫ್ರೀನ ಟೈಪಿಂಗ್ ಕಲಿಸಿದಳು.

ಇಟ್ಟಿರುವ ಜಾಗ ಅವಳಿಗೂ ಗೊತ್ತಿಲ್ಲ. ಸಿ ಡ್ರೈವ್, ಅದರೊಳಗೆ ವಿಂಡೋಸ್ ಫೋಲ್ಡರ್, ಅದರೊಳಗೆ ಯಾರಿಗೂ ಅರ್ಥವಾಗದ ಹೆಸರಿನ ನೂರು ಫೋಲ್ಡರುಗಳು. ಅವುಗಳ ನಡುವೆ ನನ್ನದೊಂದು — ‘ಸಿಸ್ಟಮ್ 19’. ಕಳ್ಳ ಬಂದರೂ ಕಂಪನಿಯ ಸಾಮಾನು ಎಂದು ಮುಟ್ಟದೆ ಹೋಗಬೇಕು!

ಡಿಸೆಂಬರ್ 4, ಗುರುವಾರ

ಸಂಜೆ ಶಾಲೆಯಿಂದ ಬಂದವಳೇ ಅಫ್ರೀನ ಕೂತಳು. ಅವಳು ಪ್ರಶ್ನೆಪತ್ರಿಕೆ ಮಾಡುವುದೂ ಇದರಲ್ಲೇ. ನಿಮ್ಮ ಪಿಸಿ ಅರ್ಹವಲ್ಲ ಎಂದಿತು. ಅರ್ಹವಲ್ಲ! ಹೆಣ್ಣು ನೋಡಲು ಬಂದವರು ಹೇಳುವ ಮಾತು.

ಅವಳು ಯೂಟ್ಯೂಬ್ ನೋಡಿ ಇನ್ನೊಂದು ದಾರಿ ಹಿಡಿದಳು. ಮೂವತ್ತು ಪರ್ಸೆಂಟ್... ಐವತ್ತು... ಎಪ್ಪತ್ತೊಂದು. ಅಲ್ಲಿಗೆ ನಿಂತಿತು. ನಲವತ್ತು ನಿಮಿಷ ಎಪ್ಪತ್ತೊಂದು. ಆಮೇಲೆ ಕರೆಂಟು ಹೋಯಿತು. ಬಂದ ಮೇಲೆ ಬದಲಾವಣೆಗಳನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ ಎಂದು ಹೇಳಿ ಮತ್ತೆ ಹತ್ತಕ್ಕೇ ಬಂದು ಕೂತಿತು.

ನನ್ನಾಕೆ ದಿಲಶಾದಬಿ ಒಳಗಿನಿಂದ: “ಬಿಡವಾ, ಅದೂ ನಿಮ್ಮಪ್ಪನಂಗ ಐತಿ. ಮ್ಯಾಲ ಹೋಗೂದಿಲ್ಲ, ಬಿಟ್ಟೂ ಹೋಗೂದಿಲ್ಲ.”

ಡಿಸೆಂಬರ್ 6, ಶನಿವಾರ

ನಿನ್ನೆ ನಾಟಕ ಮುಗಿಯಿತು. ಕೊನೆಯ ಮಾತು ಬರೆದು ಎದ್ದು ನಿಂತು ಒಬ್ಬನೇ ಓದಿದೆ. ಗೋಡೆ ನಡುಗಿತು. ನಾಲ್ಕು ಮನೆ ಆಚೆಯಿಂದ ಯಾರೋ ಏನಾಯಿತೆಂದು ಕೇಳಲು ಬಂದರು.

ಇವತ್ತು ಲೋಹಿತನನ್ನು ಕರೆಸಿದೆ. ಗದಗಿನ ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ಪೆನ್ ಡ್ರೈವ್ ತಂದಿದ್ದ.

“ಮಷಿನ್ ಹಳೇದೈತ್ರಿ ಮಾಸ್ತರ. ಕಂಪನಿ ಒಪ್ಪಂಗಿಲ್ಲ. ನಾ ಒಪ್ಪಿಸ್ತೀನಿ, ತಡೀರಿ.”

ಶುರು ಮಾಡುವ ಮುಂಚೆ ಕೇಳಿದ: “ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು, ಫೋಟೋ, ಇವು ಇದ್ದಂಗ ಇರ್ತಾವು. ಸಿ ಒಳಗ ಬ್ಯಾರೆ ಕಡೆ ಏನರ ಇಟ್ಟೀರೇನ್ರಿ?”

ಒಂದು ಕ್ಷಣ ಬಾಯಿಗೆ ಬಂತು. ನುಂಗಿದೆ. ಅಂಗಡಿಯವನ ಮುಂದೆ ಗುಟ್ಟು ಬಿಟ್ಟುಕೊಡುವುದೇ? ಏನೂ ಇಲ್ಲ ಎಂದೆ.

ಎರಡೂವರೆ ತಾಸು. ಗೆದ್ದ! ಸ್ಟಾರ್ಟ್ ಬಟನ್ ಎಡಮೂಲೆ ಬಿಟ್ಟು ರಂಗದ ಮಧ್ಯಕ್ಕೆ ಬಂದು ನಿಂತಿದೆ, ಹೊಸ ನಟಿಯ ಹಾಗೆ. ಪ್ರಿಂಟರ್ ಮಾತ್ರ ಮುನಿಸಿಕೊಂಡಿತು. ಅದಕ್ಕೂ ಏನೋ ಡ್ರೈವರ್ ಹಾಕಿ ಒಲಿಸಿಕೊಂಡ.

ನಾಟಕ ತೆರೆದು ನೋಡಬೇಕೆಂದಿದ್ದೆ. ಲೋಹಿತ ಎದುರೇ ಕೂತಿದ್ದ. ನಂತರ ತಾಲೀಮಿಗೆಂದು ಹಿರೇಹಂದಿಗೋಳದ ಬಸ್ಸಿಗೆ ಹೊತ್ತಾಯಿತು.

ಡಿಸೆಂಬರ್ 11, ಹಿರೇಹಂದಿಗೋಳ

ತಾಲೀಮು ಜೋರು. ಅಂದಪ್ಪನ ಮನೆಯಲ್ಲಿ ವಸ್ತಿ. ಸಂಘದ ಮುಖ್ಯಸ್ಥ ಅವನೇ, ಅಣ್ಣನ ಪಾರ್ಟೂ ಅವನದೇ. ಖಳನಾಯಕ ಯಂಕಪ್ಪ. ಹಾರ್ಮೋನಿಯಂ ಪೇಟಿಗೆ ನಮ್ಮ ಬೀರಲಿಂಗ — ಇಪ್ಪತ್ತೇಳು ವರ್ಷದಿಂದ ನನ್ನ ಎಡಗಡೆ ಕೂತು ನುಡಿಸುವವನು.

ಮೂರು ಅಂಕದ ಪಾರ್ಟು ಹಂಚಿಯಾಗಿದೆ. ನನ್ನ ಪದ್ಧತಿ ಪದ್ಧತಿಯೇ: ಪ್ರತಿಯೊಬ್ಬನಿಗೂ ಅವನ ಮಾತು ಮಾತ್ರ, ನನ್ನ ಕೈಬರಹದಲ್ಲಿ. ಎದುರಿನವನ ಮಾತಿನ ಕೊನೆಯ ಎರಡು ಶಬ್ದ, ಸುಳಿವಿಗೆ. ಕೊನೆಯ ಅಂಕದ ಪಾರ್ಟು ಆಟಕ್ಕೆ ಎಂಟು ದಿನ ಮುಂಚೆ. ಇಡೀ ನಾಟಕ ಯಾರ ಕೈಗೂ ಇಲ್ಲ. ತಾಲೀಮಿನಲ್ಲಿ ಮೊಬೈಲ್‌ಗಳೆಲ್ಲ ಪುಟ್ಟಿಯಲ್ಲಿ, ಪುಟ್ಟಿ ನನ್ನ ಕುರ್ಚಿಯ ಕೆಳಗೆ.

ಡಿಸೆಂಬರ್ 19, ಶುಕ್ರವಾರ

ಮನೆ. ಕಂಪ್ಯೂಟರ್ ಹಚ್ಚಿದೆ.

ಇಲ್ಲ.

ಸಿ ಡ್ರೈವ್. ವಿಂಡೋಸ್. ನೂರು ಫೋಲ್ಡರ್. ನನ್ನದಿಲ್ಲ. ಹೆಸರು ಹಾಕಿ ಹುಡುಕಿದೆ. ಇಲ್ಲ. ಬಂದ್ ಮಾಡಿ ಚಾಲು ಮಾಡಿದೆ. ಇಲ್ಲ.

ಡಿಸೆಂಬರ್ 20, ಶನಿವಾರ

ಸಿಪಿಯು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋಗಿ, ಲೋಹಿತ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ನಿಂತಿದ್ದೆ. ಬೈಯಲೆಂದೇ ಹೋದೆ. ಬೈದೆ. ಆಚೀಚೆ ಅಂಗಡಿಯವರೆಲ್ಲ ಹೊರಗೆ ಬಂದರು. ಲೋಹಿತ ಪೂರ್ತಿ ಕೇಳಿಸಿಕೊಂಡ.

“ಮುಗೀತೇನ್ರಿ? ನಾ ಅವತ್ತ ಕೇಳಿದ್ನಿಲ್ಲೋ, ಬ್ಯಾರೆ ಕಡೆ ಏನರ ಐತೇನ್ರಿ ಅಂತ?”

“ಕೇಳಿದ್ದಿ.”

“ನೀವೇನಂದ್ರಿ?”

“ಏನೂ ಇಲ್ಲ ಅಂದ್ನಿ.”

“ಮತ್ತ?”

ಮತ್ತೆ ಏನು. ವಿವರಿಸಿ ಹೇಳಿದ. ಹೊಸ ವಿಂಡೋಸ್ ಬಂದಾಗ ಹಳೆಯ ವಿಂಡೋಸ್ ಫೋಲ್ಡರನ್ನು ಮೂಲೆಯಲ್ಲಿ ಬೇರೆ ಇಡುತ್ತದಂತೆ. ಹತ್ತು ದಿವಸ. ಬೇಡವೆನಿಸಿದರೆ ಹಿಂದಕ್ಕೆ ಹೋಗಲಿ ಎಂದು. ಆಮೇಲೆ ಜಾಗ ಸಾಲದೆಂದು ತಾನೇ ಅಳಿಸಿಬಿಡುತ್ತದೆ. ಹದಿನಾರನೆಯ ತಾರೀಖಿನವರೆಗೂ ಇತ್ತು! ನಾನು ಅಂದಪ್ಪನ ಮನೆಯ ಕಟ್ಟೆಯಲ್ಲಿ ಕೂತು ಯಂಕಪ್ಪನಿಗೆ ಮೀಸೆ ತಿರುವುವುದು ಕಲಿಸುತ್ತಿದ್ದೆ.

“ನಾಲ್ಕು ಮಂದಿಗೆ ಕಾಣುವಂಗ ಡೆಸ್ಕ್‌ಟಾಪ್ ಮ್ಯಾಲ ಇಟ್ಟಿದ್ರ ಉಳೀತಿತ್ರಿ,” ಎಂದ.

ಮಧ್ಯಾಹ್ನದವರೆಗೆ ಏನೇನೋ ರಿಕವರಿ ಹಚ್ಚಿದ. ಫೈಲು ಸಿಕ್ಕಿತು! ಹೆಸರು ಅದೇ! ತೆರೆದರೆ ನಲವತ್ತಾರು ಪುಟ, ಬರೀ ಚೌಕ ಚೌಕ. ಅದರ ಮೇಲೆ ಅಫ್ರೀನಳ ಪ್ರಶ್ನೆಪತ್ರಿಕೆಗಳು ಬಂದು ಕೂತಿವೆಯಂತೆ.

ಅವನು ದುಡ್ಡು ಕೇಳಲಿಲ್ಲ. ಚಹಾ ತರಿಸಿದ. ಕುಡಿಯಲಿಲ್ಲ. ಅಲ್ಲ, ಕುಡಿದೆ.

ಡಿಸೆಂಬರ್ 22, ಸೋಮವಾರ. ಲಕ್ಷ್ಮೇಶ್ವರ ಬಸ್‌ಸ್ಟ್ಯಾಂಡ್, ಮಧ್ಯಾಹ್ನ

ಉಪಾಯ ಹೊಳೆದಿತ್ತು. ಮೂರು ಅಂಕ ಪಾರ್ಟುಗಳಲ್ಲಿ ಇದೆ. ಒಬ್ಬೊಬ್ಬರದೂ ತಂದು ಹೊಲಿಗೆ ಹಾಕಿದರೆ ನಾಟಕ. ಮೊದಲು ಇಲ್ಲಿಗೆ ಬಂದೆ, ರೋಜಾಳ ಮನೆಗೆ. ಅತ್ತಿಗೆಯ ಪಾರ್ಟು ಅವಳದು. ಸೋಮೇಶ್ವರ ಗುಡಿಯ ಹಿಂದೆ ಮನೆ. ಹಿಟ್ಟು ನಾದುತ್ತಿದ್ದವಳು ಕೈ ತೊಳೆಯಲೂ ಇಲ್ಲ.

“ಅಯ್ಯ, ಅದಕ್ಯಾಕ ಇಷ್ಟು ದೂರ ಬಂದ್ರಿ ಮಾಸ್ತರ? ಎಲ್ಲಾರ್ದೂ ನನ್ನ ಮೊಬೈಲ್‌ನ್ಯಾಗ ಐತಲ್ರಿ.”

ಎಲ್ಲರದೂ?

“ಗ್ರೂಪಿನ್ಯಾಗ್ರಿ. ನೀವು ಪಾರ್ಟು ಕೊಟ್ಟ ದಿವಸ ಎಲ್ಲಾರೂ ಫೋಟೋ ಹೊಡದು ಹಾಕ್ತೀವಿ. ಬೀರಲಿಂಗ ಕಾಕಾ ಸಾಲಾಗಿ ಜೋಡಸಿ...” ಅಲ್ಲಿ ನಿಂತಳು. ನನ್ನ ಮುಖ ನೋಡಿದಳು. “ನಿಮಗ ಗೊತ್ತಿಲ್ಲೇನ್ರಿ?”

ಹಿಟ್ಟಿನ ಬೆರಳಿನಿಂದ ತೋರಿಸಿದಳು. ನನ್ನದೇ ಕೈಬರಹ. ಪುಟದ ಮೇಲೆ ಪುಟ. ಅಣ್ಣ ಕೇಳುತ್ತಾನೆ, ತಮ್ಮ ಉತ್ತರ ಕೊಡುತ್ತಾನೆ, ಒಂದು ಮಾತೂ ಬಿಟ್ಟಿಲ್ಲ. ಅಡ್ಮಿನ್: ಬೀರಲಿಂಗ.

ನಾಟಕ ಸಿಕ್ಕಿತು. ಕುಣಿಯಬೇಕಿತ್ತು. ಬಸ್ಸು ಎರಡು ಹೋದವು, ಇಲ್ಲೇ ಕೂತಿದ್ದೇನೆ.

ಡಿಸೆಂಬರ್ 23, ಮಂಗಳವಾರ

ಬೀರಲಿಂಗನ ಮನೆ. ಪೇಟಿಯ ತಿದಿಗೆ ತೇಪೆ ಹಾಕುತ್ತಿದ್ದ. ತಲೆ ಎತ್ತಲಿಲ್ಲ. ರೋಜಾ ಫೋನು ಮಾಡಿರಬೇಕು.

“ಲೇ ಬೀರ್ಯಾ, ಎಷ್ಟು ನಾಟಕದಿಂದ ನಡದೈತಿ ಈ ಧಂದೆ?”

“ಏಳು.”

“ಏಳು!”

“ಒದರಬ್ಯಾಡ, ಒಳಗ ಕೂಸು ಮಲಗೇತಿ. ಬುಡ್ಡೇಸಾಬ, ನೀ ನನಗ ನುಡಸು ಅಂತಿ. ಅಳೋ ಸೀನ್ ಯಾವಾಗ ಬರತೈತಿ ಹೇಳಂಗಿಲ್ಲ. ಮಂದಿ ಅಳಾಕ ಕುಂತಿರ್ತಾರ, ನಾ ಮದವಿ ಹಾಡು ಹಿಡದಿರ್ತೀನಿ. ಕತಿ ಗೊತ್ತಿಲ್ದ ಯಾವ ರಾಗ ಹಿಡೀಲಿ ನಾ?”

“ನನ್ನ ಕೇಳಬೇಕಿತ್ತು.”

“ಕೇಳಿದ್ರ ಕೊಡ್ತಿದ್ದೇನು?”

ನಾನು ಮುಂಡರಗಿಯ ಮಾತು ತೆಗೆದೆ. ಅವನಿಗೆ ಗೊತ್ತಿಲ್ಲದ್ದೇನಲ್ಲ. ತೊಂಬತ್ತೆಂಟರಲ್ಲಿ ಅಲ್ಲಿಯ ಒಂದು ಸಂಘಕ್ಕೆ ಇಡೀ ಪ್ರತಿ ನಂಬಿ ಕೊಟ್ಟೆ. ಮರುವರ್ಷ ಮುಂಡರಗಿಯಾಚೆ ಒಂದು ಊರಲ್ಲಿ ಅದೇ ನಾಟಕ, ಬೇರೆ ಹೆಸರು, ಬೇರೆ ಕವಿ. ಟಿಕೆಟ್ ತೆಗೆದುಕೊಂಡು ನೆಲದ ಮೇಲೆ ಕೂತು ನನ್ನ ನಾಟಕ ನಾನು ನೋಡಿದೆ. ಬೀರಲಿಂಗ ಪಕ್ಕದಲ್ಲೇ ಕೂತಿದ್ದ. ಎಲ್ಲರೂ ಚಪ್ಪಾಳೆ ಹೊಡೆದಾಗ ಅವನು ನನ್ನ ಕೈ ಹಿಡಿದುಕೊಂಡಿದ್ದ.

“ಅವರು ಯಾರೋ ಏನೋ. ನೀ ನನ್ನ ಬಾಜೂ ಕುಂತಾವ,” ಎಂದೆ.

ನನ್ನ ದನಿ ಇಷ್ಟು ಸಣ್ಣದಾಗುತ್ತದೆ ಎಂದು ಗೊತ್ತಿರಲಿಲ್ಲ. ಬೀರಲಿಂಗ ಪೇಟಿ ಮುಚ್ಚಿದ. ನಾನು ಚಪ್ಪಲಿ ಹಾಕಿಕೊಂಡೆ.

ಡಿಸೆಂಬರ್ 29, ಸೋಮವಾರ

ಮೊಬೈಲ್ ಫೋಟೋ ನೋಡಿ ನೋಡಿ ಟೈಪ್. ಮೂರು ಅಂಕ ಆಯಿತು. ಈ ಸಲ ಡೆಸ್ಕ್‌ಟಾಪ್ ಮೇಲೆ. ಅಫ್ರೀನ ಪೆನ್ ಡ್ರೈವಿಗೂ ಹಾಕಿದಳು, ಅವಳ ಮೇಲ್‌ಗೂ ಕಳಿಸಿಕೊಂಡಳು. ನೋಡಿಯೂ ನೋಡದಂತೆ ಕೂತಿದ್ದೆ.

“ಬಿಟ್ಟಬಿಡ್ರಿ ಸಿಟ್ಟ,” ಎನ್ನುತ್ತಾಳೆ ದಿಲಶಾದಬಿ. “ಅವರು ಕದ್ದಿದ್ದಕ್ಕ ನಿಮ್ಮ ನಾಟಕ ಉಳೀತು. ನೀವು ಕಾದಿದ್ದು ಹೋತು.”

ನಾಲ್ಕನೆಯ ಅಂಕ ಬರುತ್ತಿಲ್ಲ. ಬರೆದದ್ದು ನಾನೇ. ಅಣ್ಣ ಬಾಗಿಲು ಹಾಕುತ್ತಾನೆ, ತಮ್ಮ ಹೊಸ್ತಿಲ ಮೇಲೆ ಪ್ರಾಣ ಬಿಡುತ್ತಾನೆ. ಅಷ್ಟು ಗೊತ್ತು. ಮಾತು ಎಲ್ಲಿ? ಅವತ್ತು ಗೋಡೆ ನಡುಗಿಸಿದ ಮಾತು? ಟೈಪ್ ಮಾಡಿದ್ದೆಲ್ಲ ಹಳಸಲು. ಅಳಿಸಿದೆ. ಮತ್ತೆ ಅಳಿಸಿದೆ.

ಜನವರಿ 3, ಶನಿವಾರ

ಕೊನೆಯ ಪಾರ್ಟು ಕೊಡಬೇಕಾದ ದಿನ ನಿನ್ನೆಗೇ ದಾಟಿತು. ಬರಿಗೈಯಲ್ಲಿ ಹಿರೇಹಂದಿಗೋಳಕ್ಕೆ ಹೋದೆ. ನಿಜ ಹೇಳಿದೆ, ಎಲ್ಲರ ಮುಂದೆ: ಕೊನೆಯ ಅಂಕ ಇಲ್ಲ. ಆಟ ಮುಂದಕ್ಕೆ ಹಾಕಿ.

ಯಾರೂ ಬೆಚ್ಚಲಿಲ್ಲ. ನೆಲ ನೋಡಿದರು. ಅಂದಪ್ಪ ಕೆಮ್ಮಿದ. “ಮಾಸ್ತರ, ಸಿಟ್ಟ ಆಗಬ್ಯಾಡ್ರಿ. ನಾವೊಂದು ಮಾಡೇವಿ.”

ಮಾಡಿದ್ದಾರೆ! ಲೋಹಿತನ ಅಂಗಡಿಯ ಮುಂದೆ ನಾನು ಒದರಿದ್ದು ಗದಗಿನ ಸಂತೆಗೆ ಬಂದವರ ಬಾಯಲ್ಲಿ ಮರುದಿನವೇ ಊರು ಮುಟ್ಟಿತ್ತು. ಅವತ್ತಿನಿಂದ ತಾವೇ ಕೂತು ಕಟ್ಟಿದ್ದಾರೆ. ಬರೆದವನು ಬೀರಲಿಂಗ. ಅವನು ಮೂಲೆಯಲ್ಲಿ ಪೇಟಿಯ ಹಿಂದೆ ಮುಖ ಮರೆಸಿಕೊಂಡಿದ್ದ.

ಗುಡುಗಿದೆ. ನನ್ನ ಮಕ್ಕಳ ಹಾಗೆ ಕಂಡೆ, ನನ್ನ ಬೆನ್ನ ಹಿಂದೆ ಸಂಚು ಮಾಡಿದಿರಿ, ಎಂದೆ. ಖಳನಾಯಕನ ಪಾರ್ಟು ನಿಮಗೆಲ್ಲ ಒಪ್ಪುತ್ತದೆ, ಎಂದೆ.

ಆಗ ಯಂಕಪ್ಪ ಎದ್ದ. ವರ್ಷವಿಡೀ ಹೊಲದಲ್ಲಿ ದುಡಿಯುವ ಮನುಷ್ಯ. ಪಾರ್ಟಿನ ಹೊರಗೆ ಅವನು ಮಾತಾಡಿದ್ದು ನಾನು ಕೇಳಿಲ್ಲ.

“ಮಾಸ್ತರ, ಒಂಬತ್ತು ನಾಟಕದಾಗ ನನ್ನ ಕಳ್ಳನ್ನ ಮಾಡೀರಿ. ನಂದು ಬಟನ್ ಫೋನ್ರಿ, ಆ ಗ್ರೂಪು ಕಾಣಂಗಿಲ್ಲ. ಯಾರ ಮನಿ ಒಡ್ಯಾಕ ಹೊಂಟೇನಿ, ಯಾಕ ಹೊಂಟೇನಿ, ಆಟದ ದಿವಸದ ತನಕ ನನಗ ಗೊತ್ತಿರಾಂಗಿಲ್ಲ. ನನ್ನ ಹೇಣ್ತಿ ಕೇಳ್ತಾಳ, ಏನ್ ಕತಿ ಅಂತ. ಬರೇ ನನ್ನ ಮಾತು ಗೊತ್ತೈತಿ, ಕತಿ ಗೊತ್ತಿಲ್ಲ ಅಂದ್ರ ನಗ್ತಾಳ್ರಿ.”

ಕೂತೆ. ಆಡಿ ತೋರಿಸಿ ಎಂದೆ.

ಆಡಿದರು. ಅಣ್ಣ ಬಾಗಿಲು ಹಾಕಲಿಲ್ಲ. ತಮ್ಮನೂ ಸಾಯಲಿಲ್ಲ. ಅಣ್ಣ ಕೀಲಿಕೈ ಬಿಚ್ಚಿ ಹೊಸ್ತಿಲ ಮೇಲಿಟ್ಟು, ತಮ್ಮನ ಪಕ್ಕದಿಂದ ಹಾದು, ತಾನೇ ಹೊರಗೆ ನಡೆದ. ಒಂದು ಮಾತಿಲ್ಲ. ಪೇಟಿ ಮಾತ್ರ. ಬೀರಲಿಂಗ ಹಿಡಿದ ರಾಗ... ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ ನನ್ನ ನಾಟಕಕ್ಕೆ ಅವನು ಹಾಗೆ ನುಡಿಸಿಲ್ಲ.

ಎಲ್ಲಿ ಚಪ್ಪಾಳೆ ಹೊಡೆದುಬಿಡುತ್ತೇನೋ ಎಂದು ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಕತ್ತಲಾಗುವ ಮುಂಚೆ ಬಸ್ಸು ಹಿಡಿದೆ. ಬೀರಲಿಂಗ ಬರೆದ ಹಾಳೆಗಳನ್ನು ಮಡಚಿ ಜೇಬಿಗೆ ಹಾಕಿಕೊಂಡಿದ್ದೆ.

ಜನವರಿ 5, ಸೋಮವಾರ. ಬೆಳಿಗ್ಗೆ 10

ನಾಲ್ಕನೆಯ ಅಂಕ ಟೈಪ್ ಆಯಿತು. ಅವರದು. ನಾನು ಒಂದು ಅಲ್ಪವಿರಾಮ ಹಾಕಿದೆ, ಅಷ್ಟೇ. ಆಮೇಲೆ ಅದನ್ನೂ ತೆಗೆದೆ.

ಇಡೀ ನಾಟಕ ಪ್ರಿಂಟು ಹಾಕಿದೆ, ಒಂಬತ್ತು ಪ್ರತಿ. ಪ್ರಿಂಟರ್ ಎರಡು ಸಲ ಹಾಳೆ ನುಂಗಿತು. ದಿಲಶಾದಬಿ ಸೂಜಿ ದಾರ ತಂದು ಹೊಲಿಯಲು ಕೂತಳು. ಬಾಯಿ ತುಂಬ ಮಾತಿತ್ತು ಅವಳಲ್ಲಿ, ಆಡಲಿಲ್ಲ. ಕರುಣೆ ಇರಬೇಕು.

ಮನಸ್ಸು ಸರಿಯಿಲ್ಲ. ಕೊಟ್ಟದ್ದು ಬೇರೆ, ಕಿತ್ತುಕೊಂಡದ್ದು ಬೇರೆ. ನಾನು ಕೊಡುವ ಮುಂಚೆ ಅವರು ಕಿತ್ತುಕೊಂಡರು. ಕೊಡುತ್ತಿದ್ದೆನೇ? ಗೊತ್ತಿಲ್ಲ... ಬೀರಲಿಂಗ ಒಂದು ಫೋನೂ ಮಾಡಿಲ್ಲ. ನಾನೂ ಮಾಡಿಲ್ಲ.

10.40

ಅಂದಪ್ಪನ ಫೋನು. ಪ್ರೆಸ್ಸಿನಲ್ಲಿ ನಿಂತಿದ್ದಾನೆ, ಹ್ಯಾಂಡ್‌ಬಿಲ್ ಅಚ್ಚಿಗೆ ಹೋಗಬೇಕು, ಹಿಂದೆ ಮಷಿನ್ನಿನ ಸದ್ದು.

“ಮಾಸ್ತರ, ರಚನೆ ಅಂತ ಯಾರ ಹೆಸರು ಹಾಕಸ್ಲಿ? ಬೀರಲಿಂಗ ಕಾಕಾ ನಿಮ್ಮದೊಂದ ಹಾಕು ಅಂದಾನ. ನನ್ನ ಹೆಸರು ಎಲ್ಲೂ ಬರಬಾರದು ಅಂದಾನ.”

ತಡಿ, ಬರೆದುಕೊಂಡು ಹೇಳುತ್ತೇನೆ ಎಂದೆ. ಲೈನಿನಲ್ಲೇ ಇದ್ದಾನೆ. ಫೋನು ಮೇಜಿನ ಮೇಲಿದೆ, ಜಲ್ದಿ ಹೇಳ್ರೀ ಎನ್ನುತ್ತಿದೆ.

ರಚನೆ: ಬುಡ್ಡೇಸಾಬ ಮಾಸ್ತರ, ಬೆಟಗೇರಿ.

ಅದರ ಕೆಳಗೆ, ಒಂದು ಪಾಯಿಂಟ್ ಸಣ್ಣ ಅಕ್ಷರದಲ್ಲಿ — ನಾಲ್ಕನೆಯ ಅಂಕ: ಬೀರಲಿಂಗ.