ಒಂದು ಹಿಡಿ ಅವನದು

ಬ್ರಸೆಲ್ಸ್, 20 ಜೂನ್ 1989

ಸ್ಟ್ರಾಸ್‌ಬರ್ಗ್‌ಗೆ ಅಧಿವೇಶನದ ಕಡತ ಒಯ್ಯುವ ತಗಡಿನ ಪೆಟ್ಟಿಗೆ ಒರೆಸಿಟ್ಟೆವು, ನಾನೂ ಅರ್ಮಾನನೂ. ಯುರೋಪಿನ ಪಾರ್ಲಿಮೆಂಟಿನಲ್ಲಿ ನಮ್ಮ ಕಮ್ಯುನಿಸ್ಟ್ ಗುಂಪು ಶುರುವಾದಾಗಿನಿಂದ ಇದೇ ಕೆಲಸ. ಹದಿನಾರು ವರ್ಷ. ಪೆಟ್ಟಿಗೆಯ ಒಂದು ಹಿಡಿ ಅವನದು, ಇನ್ನೊಂದು ನನ್ನದು. ಅವನು ಫ್ರಾನ್ಸಿನ ಗಣಿಯವನು, ನಾನು ಇಟಲಿಯ ತೆರ್ನಿಯ ಉಕ್ಕಿನ ಕಾರ್ಖಾನೆಯವನು.

ಚುನಾವಣೆ ಮುಗಿದು ಎರಡೇ ದಿನ. ಫ್ರೆಂಚರು ಆಗಲೇ ಬಾಗಿಲು ಹಾಕಿಕೊಂಡು ಗುಸುಗುಸು. ಇಟಲಿಯವರನ್ನು ಹೊರಗೆ ಹಾಕುವ ಸಂಚು. ನಾನೇನು ಕುರುಡನಲ್ಲ.

22 ಜೂನ್

ಕಾಫಿ ಮಷಿನ್ ಹತ್ತಿರ ಅರ್ಮಾನನನ್ನು ಕೇಳಿಯೇಬಿಟ್ಟೆ.

"ಏನೋ ನಿಮ್ಮವರ ಮಸಲತ್ತು?"

"ನನಗೇನ್ ಗೊತ್ತು ಮಾರಾಯ? ನನ್ನ ಕರೆಯೋದು ಪೆಟ್ಟಿಗೆ ಎತ್ತೋಕೆ."

"ಸುಳ್ಳು ಬೊಗಳಬೇಡ."

ಅರ್ಮಾನ್ ಲೋಟ ಕೆಳಗಿಟ್ಟ. "ಹಾಗಾದ್ರೆ ಇನ್ಮೇಲೆ ನೀನೊಬ್ಬನೇ ಎತ್ಕೋ."

ಎತ್ತಿದೆ. ಸೊಂಟ ಹಿಡಿಯಿತು.

10 ಜುಲೈ

ಮಾತಿಲ್ಲ. ಊಟದ ಮನೆಯಲ್ಲಿ ಅವನು ಆ ತುದಿ, ನಾನು ಈ ತುದಿ. ಇರಲಿ.

18 ಜುಲೈ, ಮಧ್ಯಾಹ್ನ

ಪ್ರೆಸ್ಸಿನಿಂದ ಪೆಟ್ಟಿಗೆಗೆ ಅಂಟಿಸುವ ಚೀಟಿ ಬಂದವು. ಮೇಲೆ ನಮ್ಮ ಗುಂಪಿನದಲ್ಲ, ಬೇರೊಂದು ಹೆಸರು. ಕೆಳಗೆ ನಮ್ಮ ಸದಸ್ಯರ ಹೆಸರು... ಫ್ರೆಂಚರದು ಒಂದೂ ಇಲ್ಲ.

ನಮ್ಮ ಕಾರ್ಯದರ್ಶಿ ಫಿಯಮೆತ್ತಾ ಓಡಿ ಬಂದಳು. ಮೂವತ್ತರ ಹುಡುಗಿ, ಓದಿದವಳು.

"ಯಾರಿಗೂ ಹೇಳಬೇಡಿ ಕಾಮ್ರೇಡ್ ನಜರೇನೊ. ಸ್ಪೇನಿನವರ ಜೊತೆ ಹೊಸ ಗುಂಪು ಮಾಡ್ತಿದ್ದೀವಿ."

"ಫ್ರೆಂಚರು?"

"ಸೋಮವಾರ ಗುಂಪಿನ ಪಟ್ಟಿ ಕೊಡೋಕೆ ಕೊನೇ ದಿನ. ಕೊಟ್ಟ ಮೇಲೆ ತಿಳಿಸ್ತೀವಿ."

"ಅವರು ಇರೋದೇ ಕೆಲವರು. ಅಷ್ಟರೊಳಗೆ ಬೇರೆ ದೇಶದವರ ಸಹಿ ಸಿಗದಿದ್ರೆ ಅವರಿಗೆ ಗುಂಪೇ ಇರಲ್ಲ. ಗುಂಪಿಲ್ಲದಿದ್ರೆ ಅರ್ಮಾನನ ಕೆಲಸ?"

"ಅವರಿಗೆ ಅವರ ಪಾರ್ಟಿ ಇದೆಯಲ್ಲ" ಅಂದಳು. ಉಗುರು ನೋಡಿಕೊಳ್ಳುತ್ತ.

ಬಾಗಿಲು ಹಾಕಿಕೊಂಡವರು ಅವರು. ಸಂಚು ನಮ್ಮದು. ಥೂ.

19 ಜುಲೈ

ಅರ್ಮಾನನಿಗೆ ಹೇಳಲಿಲ್ಲ. ನಲವತ್ತೆರಡು ವರ್ಷ ಪಾರ್ಟಿಯಲ್ಲಿದ್ದೇನೆ. ಪಾರ್ಟಿ ಬಾಯಿ ಮುಚ್ಚು ಅಂದರೆ ಮುಚ್ಚಿದ್ದೇನೆ.

20 ಜುಲೈ, ನಾಲ್ಕು ಗಂಟೆ

ಅರ್ಮಾನ್ ಬಂದ, ಕರೆಯದೆಯೇ. ಪೆಟ್ಟಿಗೆಯ ಆ ಕಡೆಯ ಹಿಡಿ ಹಿಡಿದ.

"ವಿಚಾರಿಸಿದೆ ಕಣೋ. ಯಾರು ಮುಂದಿನ ಸಾಲಲ್ಲಿ ಕೂರೋದು ಅಂತ ನಮ್ಮವರ ಜಗಳ, ಅಷ್ಟೇ. ನಿನಗೆ ಅನುಮಾನದ ರೋಗ."

ಹೂಂ ಅಂದೆ. ಚೀಟಿ ಇನ್ನೂ ಅಂಟಿಸದ ಎಂಟು ಪೆಟ್ಟಿಗೆ ಇಳಿಸಿದೆವು. ಸೊಂಟದ ನೋವು ಹೇಗಿದೆ ಅಂತ ಕೇಳಿದ. ಬೈದೆ.

ಈಗ ಎದುರು ಕೂತಿದ್ದಾನೆ. ಬಾಗಿಲಲ್ಲಿ ಫಿಯಮೆತ್ತಾ, ಹೋಗುತ್ತಲೇ ಇಲ್ಲ. ಬಾಯಿಬಿಟ್ಟರೆ ಕೇಳಿಸುತ್ತೆ ಅವಳಿಗೆ.

"ಏನ್ ಬರೀತಿದ್ದೀಯೋ ಮುದುಕ?" ಅಂತಾನೆ.

ಹದಿನಾರು ವರ್ಷದಲ್ಲಿ ನಮ್ಮ ಇಟಲಿ ಭಾಷೆ ಓದಲು ಕಲಿತಿದ್ದಾನೆ. ಹದಿನೆಂಟನೇ ತಾರೀಖಿನ ಪುಟ ತೆಗೆದು ಈ ಡೈರಿ ಅವನ ಕಡೆ ತಿರುಗಿಸುತ್ತೇ—