ಪಂಪಿನೊಳಗಿನ ಪೆಟ್ರೋಲು

ಬೆಳ್ಯಪ್ಪಣ್ಣಾ,

ಜೀಪು ಶೆಡ್ಡಿನಲ್ಲಿಲ್ಲ, ಹುಡುಕಬೇಡ. ನಾನೂ ನನ್ನ ಗೆಳತಿ ಪ್ರೇಮಾವತಿಯೂ ಬೆಂಗಳೂರಿಗೆ ಹೊರಟಿದ್ದೇವೆ, ವರ್ಷವಿಡೀ ರೇಡಿಯೋಕ್ಕೆ ಕಿವಿ ಹಚ್ಚಿ ಕೇಳಿದ ಆ ರಾಕ್ ಬ್ಯಾಂಡಿನವರ ಹಾಡನ್ನು ಎದುರಿಗೇ ಕೇಳಲು.

ಕಾಫಿ ಹೂವಿಗೆ ನೀರು ಹೊಡೆಯಬೇಕು ಅಂತ ಜೀಪಿನ ಪೆಟ್ರೋಲನ್ನೆಲ್ಲ ನೀನು ಪಂಪಿಗೆ ಸುರಿದೆ. ತೋಟದ ವಿಷಯ ಅಂತ ನಾನು ಬಾಯಿ ಮುಚ್ಚಿಕೊಂಡೆ. ನಿನ್ನೆ ಸಂಜೆ ಕಾಫಿ ಮೊಗ್ಗು ಅರಳಿಸುವ ಹೂಮಳೆ ಚೆನ್ನಾಗಿಯೇ ಹೊಯ್ಯಿತಲ್ಲ, ಪಂಪು ಚಾಲೂ ಮಾಡುವ ಕೆಲಸವೇ ಬೀಳಲಿಲ್ಲ. ಇನ್ನಾದರೂ ಪೆಟ್ರೋಲು ವಾಪಸ್ ಹಾಕು ಅಂತ ನಾನಂದರೆ ನೀನು, "ಹೆಣ್ಮಗಳು ಗಿಟಾರ್ ಕೇಳೋಕೆ ಜೀಪ್ ಓಡಿಸ್ಕೊಂಡು ಹೋದ್ರೆ ಜನ ಏನಂತಾರೆ?" ಅಂದೆ. ಕೊಯ್ಲಿನಲ್ಲಿ ಕಾಫಿ ಮೂಟೆ ಹೇರಿಕೊಂಡು ಕುಶಾಲನಗರಕ್ಕೆ ಓಡಿಸುವಾಗ ನಾನು ಹೆಣ್ಮಗಳು ಅಲ್ಲವೋ? ಆಗ ನಿನ್ನ ಜನ ಎಲ್ಲಿಗೆ ಹೋಗಿದ್ದರು?

ಪಂಪಿನೊಳಗೆ ಬಿಟ್ಟ ರಬ್ಬರ್ ಪೈಪಿಗೆ ಬಾಯಿಟ್ಟು ಎಳೆದು, ಅಷ್ಟೂ ಪೆಟ್ರೋಲನ್ನು ಜೀಪಿಗೆ ತುಂಬಿಕೊಂಡಿದ್ದೇನೆ. ಬಾಯೆಲ್ಲ ನಾತ. ನೆನೆದಾಗಲೆಲ್ಲ ನಿನ್ನ ಮೇಲೆ ಸಿಟ್ಟು ಉಕ್ಕುತ್ತದೆ.

ಸಾರು ಒಲೆಯ ಮೇಲಿದೆ, ನೀನೇ ಬಿಸಿ ಮಾಡಿಕೋ. ಅವ್ವನಿಗೆ ಮಂಡಿನೋವು, ಎಬ್ಬಿಸಬೇಡ.

ಇನ್ನೊಂದು ವಾರಕ್ಕೆ ತೋಟ ಬೆಳ್ಳಗೆ ಹೂಬಿಡುವುದರೊಳಗೆ ಬರುತ್ತೇನೆ. ಅಷ್ಟರಲ್ಲಿ ನಿನ್ನ ಜನ ಕೇಳಿದರೆ ಹೇಳು, ಡ್ರೈವರ್ ರಜೆ ಹಾಕಿದ್ದಾಳೆ ಅಂತ.

ಯಮುನ