ನೋಡಿ ಬಂದ ಸೀಮೆ

ತಡವಳ,
೧೪ ಜುಲೈ ೧೯೭೪, ರವಿವಾರ

ಕುರಿ ಹಿಂಡನ್ನು ಮುಂದೆ ಬಿಟ್ಟು, ಸಿಟ್ಟನ್ನು ಹೆಗಲ ಮೇಲೆ ಹೊತ್ತು ಮಂಗಳವೇಢೆ ಕಡೆ ಹೋಗಿ ಕುಳಿತ ಗುರುಬಾಯಿಯ ಅಜ್ಜನವರಿಗೆ, ಮನೆ ಹಿಡಿದು ಉಳಿದ ಹೆಂಡತಿ ಜನಾಬಾಯಿಯ ಶರಣು.

ಮೊದಲ ಮಾತು ಇದನ್ನು ನಿಮಗೆ ಓದಿ ಹೇಳುವ ಅಂಗಡಿಯ ಸಾತಲಿಂಗಪ್ಪನವರಿಗೆ. ಸಾವಕಾರರೇ, ನಾನು ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳು. ಅಕ್ಷರ ತಪ್ಪಿದ್ದರೆ ತಿದ್ದಿ ಓದಿರಿ. ಬೈದ ಕಡೆ ಮಾತ್ರ ತಿದ್ದಬೇಡಿರಿ. ಇದ್ದದ್ದು ಇದ್ದ ಹಾಗೆ ಅವರ ಕಿವಿಗೆ ಬೀಳಲಿ.

ಮೊಮ್ಮಗಳು ಗುರುಬಾಯಿ ಮ್ಯಾಟ್ರಿಕ್ ಪಾಸಾಗಿ, ಸೊಲ್ಲಾಪುರದ ದವಾಖಾನೆಯಲ್ಲಿ ನರ್ಸ್ ಕಲಿಯಲು ಬಾ ಎಂದು ಕಾಗದ ಬಂದ ದಿನ ನೀವು ಅಂದದ್ದು ನೆನಪಿದೆಯೇ? "ನಮ್ಮವರು ಯಾರ ನೋಡ್ಯಾರ ಆ ಊರ? ನೋಡಲಾರದ ಸೀಮಿಗೆ ನಾ ಕುರಿ ಹೊಡಿಯೂದಿಲ್ಲ, ನೀ ಕೂಸಿನ್ನ ಹೊಡೀತೀ ಏನ?" ಇಷ್ಟು ಹೇಳಿ, ಇವಳು ಹೋದರೆ ನಾನು ಮನೆ ಮೆಟ್ಟುವುದಿಲ್ಲ ಎಂದು ಹೋದಿರಿ. ಹುಡುಗಿಯ ಅಪ್ಪ, ನಿಮ್ಮ ಮಗ ಅಮೋಗಸಿದ್ಧ, ನಿಮ್ಮ ಹಿಂದೆಯೇ ಬಾಲದಂತೆ ಬಂದ. ಅವನಿಗೆ ಬಾಯಿ ಕೊಟ್ಟದ್ದನ್ನು ದೇವರೇ ಮರೆತಿದ್ದಾನೆ, ನಾನೇನು ಬರೆಯಲಿ.

ನಿಮ್ಮ ಮಾತು ನನಗೆ ಮುಳ್ಳಿನಂತೆ ನಟ್ಟಿತು. ಯಾಕೆಂದರೆ ಮಾತು ಸರಿ ಇತ್ತು. ಹೊಸ ಸೀಮೆಗೆ ಹಿಂಡು ಹೋಗುವ ಮೊದಲು ಒಬ್ಬರು ಒಂದು ದಿನ ಮುಂದೆ ಹೋಗಿ ನೀರು, ಮೇವು, ತೋಳದ ಹೆಜ್ಜೆ ನೋಡಿ ಬರುವುದು ನಮ್ಮ ಪದ್ಧತಿ. ನಲವತ್ತು ವರ್ಷ ನೀವು ನೋಡಿ ಬಂದಿರಿ, ನಾನು ಗಂಟು ಹೊತ್ತು ಹಿಂದೆ ಬಂದೆ. ಈ ಸಲ ನೀವು ಹೋಗಲಿಲ್ಲ. ಅದಕ್ಕೆ ನಾನು ಹೋದೆ. ಮೊನ್ನೆ ಶುಕ್ರವಾರ, ಒಬ್ಬಳೇ. ಎದ್ದು ಹೋಗಬೇಡಿರಿ, ಇನ್ನೂ ಇದೆ.

ನಾಲ್ಕು ಕಟಿ ರೊಟ್ಟಿ, ಶೇಂಗಾ ಚಟ್ನಿ, ಎರಡು ಉಳ್ಳಾಗಡ್ಡಿ, ಒಂದು ಕಂಬಳಿ. ಇಷ್ಟೇ ನನ್ನ ಗಂಟು. ಅಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಹತ್ತರೊಳಗೆ ಸೊಲ್ಲಾಪುರದಲ್ಲಿ ಇಳಿದೆ. ಟಾಂಗಾದವನೊಬ್ಬ ಮರಾಠಿಯಲ್ಲಿ ಎಲ್ಲಿಗೆ, ಎಲ್ಲಿಗೆ ಎಂದು ಬೆನ್ನು ಹತ್ತಿದ. ನನಗೆ ಕಾಲಿವೆ, ದವಾಖಾನೆ ಯಾವ ಕಡೆ ಅಷ್ಟು ಹೇಳು ಎಂದೆ. ಅವನು ಕನ್ನಡಕ್ಕೆ ತಿರುಗಿದ. "ಕಾಲ ಅದಾವ ಖರೆ, ಆಜಿ. ಮಾರಿ ಊರ ಹೊರಗ ಮಾಡಿ ನಿಂತೀಯಲ್ಲ" ಅಂದ. ಸಿಟ್ಟು ಬಂತು. ಆದರೂ ಅವನು ಕೈ ಮಾಡಿದ ಕಡೆಗೇ ನಡೆದೆ.

ದವಾಖಾನೆಯ ಹಿಂದೆಯೇ ಹುಡುಗಿಯರ ವಸತಿ. ನೋಡಿಕೊಳ್ಳುವವಳು ಉಮಾಬಾಯಿ ಎಂಬ ಚಾಳೀಸು ಹಾಕಿದ ಹೆಂಗಸು. ಸಂಜೆ ಐದಕ್ಕೆ ಬಾ ಎಂದು ಬಾಗಿಲು ಹಾಕಿಕೊಂಡಳು. ನಾನು ಹೊಸ್ತಿಲ ಮುಂದೆ ಕಂಬಳಿ ಹಾಸಿ ರೊಟ್ಟಿ ಬಿಚ್ಚಿದೆ. ತಿಂದಾದ ಮೇಲೆ ಎದ್ದು, ಕಂಪೌಂಡಿನ ಗೋಡೆ ಕೈಯಿಂದ ತಟ್ಟುತ್ತಾ ಒಂದು ಸುತ್ತು ಬಂದೆ. ಹಿಂದಿನ ಮಗ್ಗುಲಲ್ಲಿ ಗೋಡೆ ಬಿದ್ದು ಮೊಣಕಾಲ ಮಟ್ಟಕ್ಕೆ ಇಳಿದಿತ್ತು. ಆಚೆ ಬರೀ ಬಯಲು. ಗೋಡೆಯ ಬುಡದಲ್ಲಿ ಬೀಡಿ ತುಂಡು.

ಉಮಾಬಾಯಿಯನ್ನು ಕೂಗಿ ಕರೆದು ತೋರಿಸಿದೆ. "ತ್ವಾಳಕ್ಕ ಇಷ್ಟ ಸಾಕು" ಅಂದೆ. ಅವಳ ಮುಖ ಸಣ್ಣದಾಯಿತು. ಎರಡು ವರ್ಷದಿಂದ ಅರ್ಜಿ ಬರೆಯುತ್ತಿದ್ದಾಳಂತೆ, ಗೋಡೆ ಕಟ್ಟುವ ಗೌಂಡಿ ಇನ್ನೂ ಬಂದಿಲ್ಲವಂತೆ. ನಿನ್ನ ಅರ್ಜಿ ತೋಳ ಓದುತ್ತದೆಯೇ ಎಂದು ಕೇಳಿದೆ. ಅಡುಗೆಮನೆಯ ಕೊಡಲಿ ತರಿಸಿದೆ. ಬಯಲಿನಲ್ಲಿದ್ದ ಜಾಲಿ ಕಂಟಿ ಕಡಿದು, ನಾವು ಕುರಿದಡ್ಡಿಗೆ ಒತ್ತುವ ಹಾಗೆ ಬುಡ ಒಳಗೆ, ಮುಳ್ಳು ಹೊರಗೆ ಮಾಡಿ ಆಳೆತ್ತರ ಒತ್ತಿದೆ. ಪಾಳಿ ಮುಗಿಸಿ ಬಂದ ಹುಡುಗಿಯರು ಬಿಳಿ ಸೀರೆ ಎತ್ತಿ ಕಟ್ಟಿ ಕಂಟಿ ಎಳೆದು ಕೊಟ್ಟರು. ಮುಳ್ಳು ಚುಚ್ಚಿಸಿಕೊಂಡವರೆಲ್ಲ ತಮ್ಮ ತಮ್ಮ ಭಾಷೆಯಲ್ಲಿ ನನ್ನನ್ನೇ ಬೈದರು. ಆಮೇಲೆ ಉಮಾಬಾಯಿ ತಾನೇ ಕೈ ಹಿಡಿದು ಒಳಗೆ ಕರೆದಳು. ಐದು ಗಂಟೆ ಇನ್ನೂ ಆಗಿರಲಿಲ್ಲ.

ಈಗ ನೋಡಿದ್ದನ್ನು ಹೇಳುತ್ತೇನೆ, ಕೆಟ್ಟದ್ದನ್ನೂ ಸೇರಿಸಿ. ನಳಕ್ಕೆ ನೀರು ಬೆಳಿಗ್ಗೆ ಎರಡೇ ತಾಸು, ಬಾಯಿಗೆ ಚಪ್ಪೆ. ಬೇಳೆಯಲ್ಲಿ ಬೇಳೆ ಹುಡುಕಬೇಕು. ರೊಟ್ಟಿ ನಿಮ್ಮ ಹಳೇ ಚಪ್ಪಲಿಯಷ್ಟು ದಪ್ಪ. ಅಡುಗೆಯವಳಿಗೆ ಹೇಳಿದರೆ, ಅಷ್ಟು ಬಂದರೆ ನೀನೇ ಬಡಿ ಎಂದಳು. ಎರಡು ಬಡಿದು ತೋರಿಸಿದೆ.

ತೋಳ ಇಲ್ಲ ಎಂದು ಸುಳ್ಳು ಬರೆಯುವುದಿಲ್ಲ. ಮಿಲ್ಲಿನ ಭೋಂಗಾ ಕೂಗಿತು, ಗಂಡಸರು ಹಿಂಡು ಹಿಂಡಾಗಿ ರಸ್ತೆಗೆ ಬಿದ್ದರು. ಬೇಕೆಂದೇ ಆ ಹೊತ್ತಿಗೆ ಹೋಗಿ ನಿಂತಿದ್ದೆ. ಒಬ್ಬ ಸೈಕಲ್ಲಿನವನು ನರ್ಸ್ ಹುಡುಗಿಯೊಬ್ಬಳ ಹಿಂದೆ ಬಿದ್ದು ಗಂಟೆ ಬಾರಿಸುತ್ತಲೇ ಬಂದ. ನಾನು ಕಂಬಳಿ ಬಿಗಿದುಕೊಂಡು, ಎರಡು ಬಿಡಬೇಕೆಂದು ಹೊರಟೆ. ನಾನು ಮುಟ್ಟುವುದರೊಳಗೆ ಹುಡುಗಿ ತಿರುಗಿ ನಿಂತಳು. "ಗಂಟಿ ಬಾರಸೂದ ಇದ್ರ ಗುಡಿ ಆ ಕಡಿ ಅದ" ಅಂದಳು. ರಸ್ತೆಯೆಲ್ಲ ನಕ್ಕಿತು. ಅವನು ತುಳಿದುಕೊಂಡು ಹೋದ. ಇವಳು ಹೆಜ್ಜೆ ಬದಲಿಸಲಿಲ್ಲ. ನಾವು ಗುರುಬಾಯಿಗೆ ಹದಿನೇಳು ವರ್ಷ ಕಲಿಸಿದ್ದು ತಲೆ ತಗ್ಗಿಸುವುದನ್ನು. ನೀವು ಕಲಿಸಿದಿರಿ, ನಾನೂ ಕಲಿಸಿದೆ.

ಬಂದಿದ್ದೇನಲ್ಲ ಎಂದು ಆಮೇಲೆ ಊರು ತಿರುಗಿದೆ. ಚಾದರ ನೇಯುವ ಓಣಿಗಳಲ್ಲಿ ಮನೆಮನೆಗೂ ಮಗ್ಗದ ಸದ್ದು, ದಾರಿ ಕೇಳಿದರೆ ಹೇಳಿದ್ದು ಕೇಳಿಸುವುದಿಲ್ಲ. ಒಂದೇ ಬೇವಿನ ಮರ ಮೂರು ಸಲ ಭೇಟಿಯಾಯಿತು. ಕಡೆಗೆ ಸಿದ್ಧರಾಮನ ಕೆರೆ ಸಿಕ್ಕಿತು. ಮೆಟ್ಟಿಲ ಮೇಲೆ ಕುಳಿತು ನೀರಿಗೆ ಕಾಲು ಬಿಟ್ಟೆ. ಎಣಿಸುವ ಕುರಿ ಇರಲಿಲ್ಲ, ಊಟಕ್ಕೆ ಕಾಯುವ ಗಂಡಸರು ಇರಲಿಲ್ಲ. ಯಾರೂ ನನ್ನನ್ನು ಕೂಗಲಿಲ್ಲ. ಹಾಗೆ ಕುಳಿತದ್ದು ಹುಟ್ಟಿದಾಗಿನಿಂದ ನೆನಪಿಲ್ಲ. ಇದಕ್ಕೂ ಸಿಟ್ಟಾಗುವುದಿದ್ದರೆ ಆಗಿರಿ.

ನಮ್ಮವರು ಯಾರು ನೋಡಿದ್ದಾರೆ ಎಂದು ಕೇಳಿದಿರಿ. ನಾನು ನೋಡಿದ್ದೇನೆ. ಸೀಮೆ ಪೂರಾ ಒಳ್ಳೆಯದಲ್ಲ, ಬದುಕಬಹುದು. ಇದಕ್ಕಿಂತ ಕೆಟ್ಟ ಸೀಮೆಗೆ ನೀವು ಮರಿ ಹಾಕುವ ಕುರಿ ಹೊಡೆದುಕೊಂಡು ಹೋಗಿದ್ದೀರಿ. ನಾಳೆಯದನ್ನು ಬಿಟ್ಟು ಮುಂದಿನ ಸೋಮವಾರ, ಇಪ್ಪತ್ತೆರಡನೇ ತಾರೀಖು, ಮೊದಲ ಬಸ್ಸಿಗೆ ಗುರುಬಾಯಿಯನ್ನು ಕರೆದುಕೊಂಡು ಹೊರಡುತ್ತೇನೆ. ಕಾಗದಕ್ಕೆ ಪಾಲಕರ ಸಹಿ ಬೇಕಂತೆ. ನಿಮ್ಮ ಹೆಬ್ಬೆಟ್ಟಿಗೆ ಜಾಗ ಬಿಟ್ಟಿದ್ದೇನೆ. ನೀವು ಬರದಿದ್ದರೆ ಅಲ್ಲಿ ನನ್ನ ಸಹಿ ಬೀಳುತ್ತದೆ. ಮನೆ ಮೆಟ್ಟುವುದಿಲ್ಲ ಎಂದಿದ್ದೀರಿ, ಮೆಟ್ಟಬೇಡಿರಿ. ಮಂಗಳವೇಢೆಯಿಂದ ಸೊಲ್ಲಾಪುರಕ್ಕೂ ಬಸ್ಸಿದೆ.

ಬೀರಪ್ಪ ನಿಮಗೆ ಬುದ್ಧಿ ಕೊಡಲಿ, ಕುರಿಗಳಿಗೆ ಮೇವು ಕೊಡಲಿ.

ನಿಮ್ಮ ಮಾತು ಕೇಳಿ ಕೇಳಿ ಸಾಕಾದ,
ಜನಾಬಾಯಿ

ತಾ.ಕ. ಒಂದು ಮಾತು ಮುಚ್ಚಿಟ್ಟಿದ್ದೆ. ಗುರುಬಾಯಿ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ ಎಂದು ನಿಮಗೆ ಹೇಳಿದವಳು ನಾನು. ಅದು ಸುಳ್ಳು. ಅಜ್ಜ ಒಲ್ಲೆ ಅಂದರೆ ನಾನೂ ಒಲ್ಲೆ ಎಂದೇ ಅವಳು ಅನ್ನುತ್ತಿದ್ದಳು. ಹಟ ನನ್ನದೇ. ಶುಕ್ರವಾರ ಕಡೆಯ ಬಸ್ಸಿಗೆ ಊರು ಮುಟ್ಟಿ, ನಿನ್ನೆ ಬೆಳಿಗ್ಗೆ ಜೋಳ ಹಸನು ಮಾಡುತ್ತಾ ಇದೆಲ್ಲ ಅವಳಿಗೆ ಹೇಳಿದೆ. ಕೊಡ ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ನಿಂತು ಕೇಳಿದಳು: "ಆಯಿ, ಅಲ್ಲಿ ಖಿಡಕಿ ಬಾಜೂದ ಮಂಚ ಯಾರಿಗಿ ಕೊಡ್ತಾರ?" ಮೊದಲು ಬಂದವರಿಗೆ ಎಂದು ಹೇಳಿದ್ದೇನೆ.